ಕನ್ನಡಕ ತೆಗೆಸಲು ಹೋದಾಗ ಸಿಕ್ಕ ಕೆರಟೊಕೋನಸ್: ಎರಡೂವರೆ ವರ್ಷದ ಫಾಲೋಅಪ್ ಹೇಗಿತ್ತು

ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ವಿಭಾಗದ ಬಗ್ಗೆ ಬರೀತಿದ್ದೇನೆ. ತಂಗಿ ಮದುವೆಗೆ ಮುಂಚೆ ಕನ್ನಡಕ ತೆಗೆಸೋಣ ಅಂತ ಲೇಸಿಕ್, ಅಂದರೆ ಕಣ್ಣಿನ ಲೇಸರ್ ಆಪರೇಷನ್‌ಗೆ ಮುಂಚಿನ ತಪಾಸಣೆಗೆ ಹೋಗಿದ್ದೆ. ಆಗ ನನಗೆ 23. ಗದ್ದ ಇಟ್ಟು ನೀಲಿ ಬೆಳಕು ನೋಡಿದರೆ ಪೆಂಟಾಕ್ಯಾಮ್ ಅನ್ನೋ ಸ್ಕ್ಯಾನ್ ಮಷೀನ್ ಎರಡೇ ಸೆಕೆಂಡಿನಲ್ಲಿ ಕಾರ್ನಿಯಾದ ನಕ್ಷೆ ತೆಗೆಯುತ್ತದೆ. ಎಡಗಣ್ಣಿನ ನಕ್ಷೆಯಲ್ಲಿ, ನಡುವಿನಿಂದ ಸ್ವಲ್ಪ ಕೆಳಗೆ, ಒಂದು ಕೆಂಪು ಮಚ್ಚೆ ಇತ್ತು. ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುತ್ತಿದೆ, ಇದಕ್ಕೆ ಕೆರಟೊಕೋನಸ್ ಅಂತಾರೆ, ಲೇಸರ್‌ನಲ್ಲಿ ಇನ್ನೂ ತೆಳು ಮಾಡಿದರೆ ಅಪಾಯ, ಲೇಸಿಕ್ ಮಾಡಲ್ಲ ಅಂತ ಡಾಕ್ಟರ್ ನೇರವಾಗಿ ಹೇಳಿದರು.

ಹಾಗಂತ ಅವತ್ತೇ ಬೇರೆ ಚಿಕಿತ್ಸೆಗೆ ಒತ್ತಾಯವನ್ನೂ ಮಾಡಲಿಲ್ಲ. ಹೀಗೆ ಅಕಸ್ಮಾತ್ತಾಗಿ ಗೊತ್ತಾದವರಲ್ಲಿ ಕೆಲವರಿಗೆ ವರ್ಷಗಟ್ಟಲೆ ಹಾಗೇ ಇರುತ್ತೆ, ಕೆಲವರಿಗೆ ಏರುತ್ತೆ, ವಯಸ್ಸು ಚಿಕ್ಕದಾದಷ್ಟೂ ಬೇಗ ಏರುವ ಸಾಧ್ಯತೆ ಜಾಸ್ತಿ, ನಲವತ್ತರ ಹೊತ್ತಿಗೆ ಸಾಮಾನ್ಯವಾಗಿ ನಿಲ್ಲುತ್ತೆ, ಒಂದೇ ಸ್ಕ್ಯಾನ್ ನೋಡಿ ನಿಮ್ಮದು ಯಾವ ಥರ ಅಂತ ಹೇಳೋಕಾಗಲ್ಲ ಅಂದರು. ಆರು ತಿಂಗಳಿಗೊಮ್ಮೆ, ಅದೇ ಮಷೀನಿನಲ್ಲಿ ಸ್ಕ್ಯಾನ್. ಬೇರೆ ಕಂಪನಿಯ ಮಷೀನಿನ ಅಳತೆಯನ್ನು ಇದರ ಪಕ್ಕ ಇಟ್ಟು ನೋಡಿದರೆ ಲೆಕ್ಕ ತಪ್ಪುತ್ತೆ. ಪ್ರತಿ ಸಲ ಪ್ರಿಂಟ್ ಕೈಗೆ ಕೊಟ್ಟರು, ಇದು ನನಗೆ ತುಂಬಾ ಇಷ್ಟವಾಯ್ತು.

ಮೊದಲ ಸಲ ಎಡಗಣ್ಣಿನ ಕೆ-ಮ್ಯಾಕ್ಸ್, ಅಂದರೆ ಅತಿ ಹೆಚ್ಚು ಉಬ್ಬಿದ ಕಡೆಯ ಅಳತೆ, 47.6 ಡಯಾಪ್ಟರ್. ಆರು ತಿಂಗಳಿಗೆ 47.8. ಸಮಾಧಾನವಾಯ್ತು. ಒಂದೂವರೆ ವರ್ಷಕ್ಕೆ 49.3! ಕಾರ್ನಿಯಾದ ದಪ್ಪ 482 ಮೈಕ್ರಾನ್‌ನಿಂದ 465ಕ್ಕೆ ಇಳಿದಿತ್ತು. ನೋಟದಲ್ಲಿ ನನಗೆ ಒಂಚೂರೂ ವ್ಯತ್ಯಾಸ ಗೊತ್ತಾಗಿರಲಿಲ್ಲ, ಅದೇ ಭಯ ಹುಟ್ಟಿಸಿದ್ದು. ಬಲಗಣ್ಣು ಇದ್ದ ಹಾಗೇ ಇತ್ತು, ಹಾಗಾಗಿ ಎಡಕ್ಕೆ ಮಾತ್ರ ಕ್ರಾಸ್‌ಲಿಂಕಿಂಗ್, ಅಂದರೆ ಕಾರ್ನಿಯಾ ಗಟ್ಟಿ ಮಾಡುವ ಚಿಕಿತ್ಸೆ. ಕಣ್ಣಿನ ಮೇಲ್ಪದರ ಕೆರೆದು ತೆಗೆದು, ಅರ್ಧ ಗಂಟೆ ಹಳದಿ ರೈಬೋಫ್ಲೇವಿನ್ ಹನಿ ಹಾಕಿ, ಆಮೇಲೆ ಅಲ್ಟ್ರಾವಯಲೆಟ್ ಬೆಳಕು ಬಿಡುತ್ತಾರೆ. ಮಾಡುವಾಗ ನೋವಿಲ್ಲ. ಮನೆಗೆ ಬಂದ ಮೇಲೆ ಮೂರು ದಿನ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ, ನೀರು, ಕಿಟಕಿ ಪರದೆ ಸರಿಸೋಕೂ ಆಗುತ್ತಿರಲಿಲ್ಲ.

ಬೇಜಾರಿನ ವಿಷಯವೂ ಇದೆ. ಅಪಾಯಿಂಟ್‌ಮೆಂಟ್ ಇದ್ದರೂ ಎರಡು ಮೂರು ಗಂಟೆ ಕಾಯಬೇಕು. ಕೌನ್ಸೆಲಿಂಗ್ ಟೇಬಲ್‌ನಲ್ಲಿದ್ದವರು ಇದು ಮಾಡಿಸಿದರೆ ಕನ್ನಡಕ ಹೋಗುತ್ತೆ ಅನ್ನೋ ಹಾಗೆ ಮಾತಾಡಿದರು, ಅದು ತಪ್ಪು. ಕ್ರಾಸ್‌ಲಿಂಕಿಂಗ್ ಮಾಡುವುದು ಏರಿಕೆ ನಿಲ್ಲಿಸೋಕೆ, ಕನ್ನಡಕ ನನಗೆ ಈಗಲೂ ಇದೆ. ಡಾಕ್ಟರ್ ಇದನ್ನು ಬಿಡಿಸಿ ಹೇಳಿರದಿದ್ದರೆ ನಾನೂ ನಂಬಿರುತ್ತಿದ್ದೆ.

ಕ್ರಾಸ್‌ಲಿಂಕಿಂಗ್ ಆಗಿ ವರ್ಷದ ನಂತರದ ಸ್ಕ್ಯಾನಿನಲ್ಲಿ ಕೆ-ಮ್ಯಾಕ್ಸ್ 49.1 ಬಂತು. ಕಣ್ಣು ಉಜ್ಜಲೇಬೇಡಿ ಅಂದಿದ್ದಾರೆ, ಧೂಳಿನ ಅಲರ್ಜಿಗೆ ಡ್ರಾಪ್ಸ್ ಹಾಕುತ್ತಿದ್ದೇನೆ. ಮುಂದಿನ ಸಲ ತಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ. ಅವನಿಗೆ 17, ನನ್ನ ಹಾಗೇ ದಿನವಿಡೀ ಕಣ್ಣು ಉಜ್ಜುತ್ತಾನೆ.