ಕಲಬುರಗಿಯಲ್ಲಿ ಅವ್ವನ ಪೊರೆ ಶಸ್ತ್ರಚಿಕಿತ್ಸೆ: ಹಗಲಿನ ಆಸ್ಪತ್ರೆ, ರಾತ್ರಿಯ ಫೋನು

ತೊಗರಿಬೇಳೆಯಲ್ಲಿನ ಹರಳು ಕಾಣದಷ್ಟು ಅವ್ವನ ಬಲಗಣ್ಣಿನ ಪೊರೆ, ನಮ್ಮ ಕಡೆಯ ಮಾತಿನಲ್ಲಿ ಮೋತಿಬಿಂದು, ಬಲಿತಾಗ ಕಲಬುರಗಿಯ ಖಾಸಗಿ ಕಣ್ಣಾಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಶಸ್ತ್ರಚಿಕಿತ್ಸೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅಂದಿನ ರಾತ್ರಿಯ ಬಗ್ಗೆ.

ಪೊರೆ ತೆಗೆದ ಮೇಲೆ ಕಣ್ಣೊಳಗೆ ಕೂರಿಸುವ ಮಸೂರಗಳಲ್ಲಿ, ದೂರ ಹತ್ತಿರ ಎರಡನ್ನೂ ಕಾಣಿಸುವ ದುಬಾರಿ ಮಲ್ಟಿಫೋಕಲ್ ಮಸೂರವನ್ನೇ ಕೌಂಟರಿನವರು ಹೊಗಳುತ್ತಿದ್ದರು. ವೈದ್ಯರು ಮಾತ್ರ, ಸಕ್ಕರೆ ಕಾಯಿಲೆಯಿಂದ ಅವ್ವನ ಅಕ್ಷಿಪಟಲ ಈಗಾಗಲೇ ಸ್ವಲ್ಪ ಹಾಳಾಗಿರುವುದರಿಂದ ದೂರದ ನೋಟಕ್ಕಷ್ಟೇ ಹೊಂದಿಸಿದ ಮಾನೋಫೋಕಲ್ ಮಸೂರವೇ ಸರಿ, ಓದಲು ಕನ್ನಡಕ ಬೇಕಾಗುತ್ತದೆ ಎಂದು ಬಿಡಿಸಿ ಹೇಳಿದರು. 3 ಮಿಲಿಮೀಟರಿಗೂ ಚಿಕ್ಕ ಸೀಳಿನಿಂದ ಪೊರೆಯನ್ನು ಪುಡಿಮಾಡಿ ತೆಗೆದು, ಮಡಚಿದ ಮಸೂರವನ್ನು ಒಳಗಿಟ್ಟರು, ಹೊಲಿಗೆ ಬೀಳಲಿಲ್ಲ.

ರಾತ್ರಿ 11ರ ಹೊತ್ತಿಗೆ ಅವ್ವ ಹುಬ್ಬಿನ ಮೇಲೆ ಅಂಗೈ ಒತ್ತಿಕೊಂಡು ಕುಳಿತಳು, ಎರಡು ಸಲ ವಾಂತಿಯಾಯಿತು. ಪಿತ್ತವೆಂದುಕೊಂಡು ನಾವು ನಿಂಬೆ ಶರಬತ್ತು ಕೊಟ್ಟೆವು. ಆಸ್ಪತ್ರೆಯವರು ಕೊಟ್ಟಿದ್ದ ಚೀಟಿಯಲ್ಲಿನ ಸಂಖ್ಯೆಗೆ ಆರು ಬಾರಿ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ಬೆಳಿಗ್ಗೆ ನೋಡಿದರೆ, 10ರಿಂದ 21ರೊಳಗೆ ಇರಬೇಕಾದ ಕಣ್ಣಿನ ಒತ್ತಡ 38 ಇತ್ತು. ಶಸ್ತ್ರಚಿಕಿತ್ಸೆಯ ವೇಳೆ ಕಣ್ಣಿನೊಳಗೆ ತುಂಬುವ ಜೆಲ್ ಸ್ವಲ್ಪ ಉಳಿದು, ದ್ರವ ಹೊರಹೋಗುವ ದಾರಿಗೆ ಅಡ್ಡವಾದರೆ ಮೊದಲ ದಿನವೇ ಹೀಗಾಗುವುದುಂಟು ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಅಸೆಟಾಝೋಲಮೈಡ್ ಮಾತ್ರೆ, ಟಿಮೊಲಾಲ್ ಹನಿಗಳಿಂದ ಎರಡು ದಿನದಲ್ಲಿ ಒತ್ತಡ 17ಕ್ಕೆ ಇಳಿಯಿತು.

ಆದರೆ ಈ ಮಾತನ್ನು ಮನೆಗೆ ಕಳಿಸುವಾಗಲೇ ಹೇಳಬೇಕಿತ್ತು. ಇಂಗ್ಲಿಷ್‌ನಲ್ಲಿದ್ದ ಚೀಟಿಯಲ್ಲಿ ಆ ಸಂಖ್ಯೆ ಬಿಟ್ಟರೆ ಹನಿ ಹಾಕುವ ವೇಳೆಯಷ್ಟೇ ಇತ್ತು. ಒಂದೆರಡು ದಿನ ಕಳೆದ ಮೇಲೆ ನೋವು, ಕೆಂಪು ಹೆಚ್ಚಿ ದೃಷ್ಟಿ ಮಸುಕಾದರೆ ಅದು ಒಳಗಿನ ಸೋಂಕೂ ಆಗಿರಬಹುದು, ಅದಕ್ಕೆ ಬೆಳಗಾಗುವವರೆಗೂ ಕಾಯುವಂತಿಲ್ಲ ಎಂಬುದೂ ಅದರಲ್ಲಿರಲಿಲ್ಲ.

ವರ್ಷ ಕಳೆದ ಮೇಲೆ ಕಣ್ಣು ಮತ್ತೆ ಮಂಜಾದಾಗ ಓಣಿಯವರು ಪೊರೆ ಮರಳಿ ಬಂತೆಂದರು. ಮಸೂರದ ಹಿಂದಿನ ತೆಳುಪದರ ಹೀಗೆ ಮಬ್ಬಾಗಬಹುದೆಂದು ವೈದ್ಯರು ಮೊದಲೇ ತಿಳಿಸಿದ್ದರಿಂದ ನಮಗೆ ಗಾಬರಿಯಾಗಲಿಲ್ಲ. ಯಾಗ್ ಲೇಸರಿನಿಂದ ಕೆಲವೇ ನಿಮಿಷಗಳಲ್ಲಿ ಸರಿಯಾಯಿತು.

ಎಡಗಣ್ಣಿಗೂ ಅದೇ ವೈದ್ಯರ ಬಳಿ ದಿನ ಗೊತ್ತುಮಾಡಿದ್ದೇವೆ. ಈ ಸಲ ರಾತ್ರಿಯ ಸಂಖ್ಯೆಯನ್ನು ಬರೆಸಿಕೊಂಡು, ಹಿಂದಿನ ವಾರ ರಾತ್ರಿ 11ಕ್ಕೆ ಒಮ್ಮೆ ಫೋನ್ ಮಾಡಿ ನೋಡಿದೆ. ಮೂರನೆಯ ರಿಂಗಿಗೆ ಎತ್ತಿದರು.