ಆನ್ ಸೆ-ಯಂಗ್: ಮೊದಲು ಯಾವ ಫೈನಲ್ ನೋಡಬೇಕು?

ಕೊರಿಯಾದ ಬ್ಯಾಡ್ಮಿಂಟನ್ ಆಟಗಾರ್ತಿ ಆನ್ ಸೆ-ಯಂಗ್ ಆಟ ನೀವಿನ್ನೂ ನೋಡಿಲ್ಲ, ಕೈಯಲ್ಲಿರೋದು ಒಂದೇ ಸಂಜೆ. ಪ್ಯಾರಿಸ್ ಫೈನಲ್ ನೋಡಬೇಕೋ, ಹಾಂಗ್‌ಝೌ ಫೈನಲ್ಲೋ?

ಪದಕದ ತೂಕ ನೋಡಿದರೆ ಪ್ಯಾರಿಸ್. 2024ರ ಒಲಿಂಪಿಕ್ಸ್‌ನಲ್ಲಿ ಚೀನಾದ ಹೆ ಬಿಂಗ್‌ಜಿಯಾವೊ ವಿರುದ್ಧ 21-13, 21-16. ಮಹಿಳೆಯರ ಸಿಂಗಲ್ಸ್‌ನಲ್ಲಿ 1996ರ ಬಾಂಗ್ ಸೂ-ಹ್ಯುನ್ ನಂತರ ಕೊರಿಯಾಕ್ಕೆ ಬಂದ ಮೊದಲ ಚಿನ್ನ ಅದು. ಆಟ ಅಚ್ಚುಕಟ್ಟು, ಆದರೆ ಎದೆ ಡವಡವ ಅನ್ನಿಸಲ್ಲ. ಆ ಮಜಾ ಕ್ವಾರ್ಟರ್ ಮತ್ತು ಸೆಮಿಯಲ್ಲಿತ್ತು. ಎರಡರಲ್ಲೂ ಮೊದಲ ಗೇಮ್ ಸೋತು ಗೆದ್ದರು.

ನನ್ನ ಆಯ್ಕೆ ಮಾತ್ರ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್. ಎದುರಿಗೆ ಟೋಕಿಯೊ ಒಲಿಂಪಿಕ್ಸ್ ಚಾಂಪಿಯನ್, ಚೀನಾದ ಚೆನ್ ಯುಫೇ, ಅದೂ ಅವರದೇ ನೆಲದಲ್ಲಿ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಹದಿನಾರರ ಆನ್ ಮೊದಲ ಪಂದ್ಯದಲ್ಲೇ ಸೋತಿದ್ದು ಇದೇ ಚೆನ್‌ಗೆ. ಟೋಕಿಯೊ ಕ್ವಾರ್ಟರ್‌ನಲ್ಲೂ ಅಷ್ಟೇ.

ಮೊದಲ ಗೇಮ್ ಮುಗಿಯೋ ಹೊತ್ತಿಗೆ ಆನ್ ಮಂಡಿಗೆ ಪೆಟ್ಟಾಗುತ್ತದೆ. ಬಲಗಾಲು ಊರುವಾಗ ಮುಖ ಕಿವುಚಿಕೊಳ್ಳುತ್ತಾರೆ. ಆದರೂ 21-18. ಎರಡನೇ ಗೇಮ್ 17-21, ಕೈಜಾರಿತು. ಮೂರನೆಯದನ್ನು ಕಣ್ಣಿಟ್ಟು ನೋಡಿ. ಸ್ಮ್ಯಾಷ್‌ಗೆ ಆತುರವೇ ಇಲ್ಲ. ಶಟಲ್ ಎತ್ತಿ ಎತ್ತಿ ಹಿಂದಿನ ಗೆರೆಗೆ ಕಳಿಸುತ್ತಾರೆ, ರ್‍ಯಾಲಿ ಉದ್ದ ಮಾಡುತ್ತಾರೆ. ನೋವು ಆನ್‌ಗೆ, ಸುಸ್ತಾಗಿದ್ದು ಚೆನ್! 21-8.

ಶಾಟ್ ಕಲಿಯೋ ಮಕ್ಕಳಿಗೆ ಪ್ಯಾರಿಸ್ ತೋರಿಸಿ. ಆನ್ ಯಾರು ಅಂತ ತಿಳಿಯಬೇಕಾದರೆ ಹಾಂಗ್‌ಝೌ ಹಾಕಿ.