ವಿಜಯಪುರದಿಂದ ಬೆಳಗಾವಿಗೆ: ಜಮಖಂಡಿ ದಾರಿಯೋ, ಕೊಲ್ಹಾರ ದಾರಿಯೋ?

ಮಗಳು ಬೆಳಗಾವಿಯಲ್ಲಿ ಓದುತ್ತಿರುವುದರಿಂದ ಈ ಓಡಾಟ ನಮಗೆ ತಪ್ಪಿದ್ದಲ್ಲ. ಲೋಕಾಪುರದಿಂದ ಮುಂದೆ ಯರಗಟ್ಟಿ, ನೇಸರಗಿ ಎರಡಕ್ಕೂ ಒಂದೇ. ತಕರಾರು ಇರುವುದು ಲೋಕಾಪುರದವರೆಗೆ: ಬಬಲೇಶ್ವರ, ಜಮಖಂಡಿ, ಮುಧೋಳದ ಮೇಲೆ ಹೋಗಬೇಕೋ, ಕೊಲ್ಹಾರ ದಾಟಿ ಗದ್ದನಕೇರಿ ಕ್ರಾಸಿನಲ್ಲಿ ಬಲಕ್ಕೆ ಹೊರಳಬೇಕೋ? ಕೊಲ್ಹಾರದ ದಾರಿಯೇ ಹಿಡಿಯಿರಿ ಎಂದು ನಾನು ಯಾರಿಗಾದರೂ ಹೇಳುತ್ತೇನೆ, ಅದರಲ್ಲೂ ಕಬ್ಬಿನ ಹಂಗಾಮಿನಲ್ಲಿ.

ಜಮಖಂಡಿ ದಾರಿ ಸ್ವಲ್ಪ ಹತ್ತಿರ, ನೋಡಲಿಕ್ಕೂ ಹಸಿರು. 1989ರಲ್ಲಿ ರೈತರೇ ದುಡ್ಡು ಕೂಡಿಸಿ, ತಾವೇ ದುಡಿದು ಕಟ್ಟಿದ ಚಿಕ್ಕಪಡಸಲಗಿಯ ಬ್ಯಾರೇಜು ಇರುವುದು ಈ ಕಡೆಗೇ. ಕೃಷ್ಣೆ, ಘಟಪ್ರಭೆಯ ನೀರು ಹರಿದಲ್ಲೆಲ್ಲ ಕಬ್ಬು, ಕಬ್ಬಿದ್ದಲ್ಲಿ ಕಾರ್ಖಾನೆ. ನವೆಂಬರಿನಿಂದ ಮುಂದೆ ಮೂರ್ನಾಲ್ಕು ತಿಂಗಳು ಹಗಲು ರಾತ್ರಿ ಅನ್ನದೆ ರಸ್ತೆ ತುಂಬ ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳು.

ರಾತ್ರಿ ಇವುಗಳ ಹಿಂದೆ ಸಿಕ್ಕವರಿಗೇ ಆ ಕಷ್ಟ ಗೊತ್ತು. ಕಬ್ಬು ಟ್ರೇಲರಿನ ಎರಡೂ ಬದಿಗೆ ಚಾಚಿರುತ್ತದೆ, ಹಿಂದೆ ಜೋತುಬಿದ್ದ ರವದಿ (ಕಬ್ಬಿನ ಒಣ ಎಲೆ) ದೀಪವನ್ನು ಮುಚ್ಚಿಬಿಟ್ಟಿರುತ್ತದೆ. ಎದುರಿನವನು ಡಿಪ್ಪರ್ ಹೊಡೆಯದೆ ಬಂದರಂತೂ ಮುಂದೆ ಟ್ರೇಲರ್ ಇದೆಯೆಂದು ತಿಳಿಯುವಷ್ಟರಲ್ಲಿ ಹತ್ತಿರವೇ ಬಂದಿರುತ್ತೀರಿ. ಚಾಲಕನಿಗೆ ಹಾರ್ನ್ ಕೇಳಿಸುವುದಿಲ್ಲ, ಹಾಡಿನ ಸದ್ದು ಅಷ್ಟಿರುತ್ತದೆ. ಪಕ್ಕಕ್ಕೆ ಇಳಿಸೋಣವೆಂದರೆ ಎರಿಮಣ್ಣು, ಅಂದರೆ ಕಪ್ಪು ಮಣ್ಣು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಆ ಮಣ್ಣಿನ ಮೇಲೆ ಡಾಂಬರಿನ ಅಂಚು ನಿಲ್ಲುವುದಿಲ್ಲ, ಗೇಣುದ್ದ ತಗ್ಗು ಬಿದ್ದಿರುತ್ತದೆ.

ಇನ್ನೊಂದು ಕಲ್ಲಿನ ಕಾಟ. ಟ್ರೇಲರ್ ಪಂಕ್ಚರ್ ಆದರೆ ಗಾಲಿ ಜಾರದಂತೆ ದೊಡ್ಡ ಕಲ್ಲು ಕೊಡುತ್ತಾರೆ. ಗಾಲಿ ಬದಲಿಸಿ ಹೊರಟಾಗ ಕಲ್ಲು ಅಲ್ಲೇ, ನಟ್ಟ ನಡು ರಸ್ತೆಯಲ್ಲಿ. ಹೋದ ಹಂಗಾಮಿನಲ್ಲಿ ಅಂಥದ್ದೊಂದು ಕಲ್ಲು ನನ್ನ ಕಾರಿನ ಟೈರನ್ನೂ ರಿಮ್ಮನ್ನೂ ತಿಂದಿತು. ಮುಧೋಳದ ಪಂಕ್ಚರ್ ಅಂಗಡಿಯ ಹುಡುಗ ರಿಮ್ಮಿನ ಸೊಟ್ಟ ಅಂಚಿನ ಮೇಲೆ ಬೆರಳಾಡಿಸಿ, "ಹಂಗಾಮ ಸುರು ಆತಂದ್ರ ಇಂಥಾವು ಬರ್ತಾನ ಇರ್ತಾವ್ರಿ ಸರ್" ಎಂದ. ಹತ್ತಿರದ ದಾರಿಯಲ್ಲಿ ಉಳಿಸಿದ್ದ ಎಣ್ಣೆಯ ದುಡ್ಡೆಲ್ಲ ಆ ಒಂದು ರಾತ್ರಿಗೇ ಹೋಯಿತು.

ಕೊಲ್ಹಾರದ ಕಡೆ ಕಬ್ಬಿನ ಗಾಡಿ ಇಲ್ಲವೆಂದಲ್ಲ, ಬೀಳಗಿ ಸುತ್ತಲೂ ಸಿಗುತ್ತವೆ. ಆದರೆ ರಾಷ್ಟ್ರೀಯ ಹೆದ್ದಾರಿ 52 ಅಗಲವಿದೆ, ಮುಂದಿನದು ದೂರದಿಂದಲೇ ಕಾಣುತ್ತದೆ, ಕಾದು ದಾಟಲು ಜಾಗ ಸಿಗುತ್ತದೆ. ಆಲಮಟ್ಟಿ ಹಿನ್ನೀರಿನ ಮೇಲಿನ ಸುಮಾರು 3 ಕಿಲೋಮೀಟರಿನ ಸೇತುವೆಯ ಮೇಲೆ ಮಾತ್ರ ಓವರ್‌ಟೇಕ್ ಬೇಡ. ಫೋಟೊಕ್ಕೆಂದು ಕಾರು ನಿಲ್ಲಿಸುವವರೂ ದಯವಿಟ್ಟು ದಾಟಿದ ಮೇಲೆ ನಿಲ್ಲಿಸಿ. ಬಣ್ಣವಿಲ್ಲದ ಹಂಪುಗಳು ಎರಡೂ ದಾರಿಯಲ್ಲಿವೆ.

ಊಟದ ಮಾತಿಗೆ ಬಂದರೆ ಕೊಲ್ಹಾರದ ಗಡಿಗೆ ಮೊಸರಿಗೆ ಎದುರಿಲ್ಲ. ನನ್ನ ತಾಯಿಗೆ ಈ ದಾರಿ ಸೇರಲು ಅದೊಂದೇ ಕಾರಣ ಸಾಕು. ಹಣ್ಣು ಬೇಕಿದ್ದರೆ ಮುಂದೆ ಕಲಾದಗಿ ಇದ್ದೇ ಇದೆ.

ಅಥಣಿ, ಚಿಕ್ಕೋಡಿ ಮೇಲಿನ ದಾರಿ ಆ ಊರುಗಳಲ್ಲಿ ಕೆಲಸವಿದ್ದವರಿಗೆ ಸರಿ. ಅದೂ ಕಬ್ಬಿನ ಸೀಮೆಯೇ.

ಕಾರ್ಖಾನೆಯವರು ಮನಸ್ಸು ಮಾಡಿದರೆ ಅರ್ಧ ತೊಂದರೆ ಕಬ್ಬು ತೂಗುವ ಕಾಟಾದ ಹತ್ತಿರವೇ ತಪ್ಪುತ್ತದೆ. ತೂಕ ಮುಗಿಸಿ ಖಾಲಿ ಹೊರಡುವ ಪ್ರತಿ ಟ್ರೇಲರಿಗೂ ರಿಫ್ಲೆಕ್ಟರ್ ಇದೆಯೇ, ಹಿಂದಿನ ದೀಪ ಉರಿಯುತ್ತದೆಯೇ ಎಂದು ನೋಡಿ ಬಿಟ್ಟರೆ ಎಷ್ಟೋ ಮನೆಗಳ ಮಕ್ಕಳು ಉಳಿಯುತ್ತಾರೆ.

ನನ್ನದು ಸಣ್ಣ ಕಾರು, ಜೊತೆಗೆ ವಯಸ್ಸಾದ ತಾಯಿ, ನಸುಕಿನಲ್ಲೇ ಹೊರಡುವ ರೂಢಿ. ಹಾಗಾಗಿ ಎಣ್ಣೆ ತುಸು ಹೆಚ್ಚು ಸುಟ್ಟರೂ ನನಗೆ ಕೊಲ್ಹಾರವೇ. ನೀವು ಬೇಸಿಗೆಯಲ್ಲಿ, ಕಾರ್ಖಾನೆಗಳು ನಿಂತ ಮೇಲೆ, ಹಗಲು ಹೊತ್ತು ಹೋಗುವವರಾದರೆ ಜಮಖಂಡಿ ಮೇಲೆ ಹೋಗಲು ಅಡ್ಡಿಯಿಲ್ಲ.